ನಿಯಮ ಬದಲಾದರೆ ಶೆಡ್ಡಿನಲ್ಲಿರುವ ಕಾರಿನ ಗತಿ ಏನು?

ಹೋದ ಸಂಚಿಕೆಯಲ್ಲಿ ಹವ್ಯಾಸಿಗಳ ಫಾರ್ಮುಲಾ ಕಾರುಗಳ ಬಗ್ಗೆ ಬರೆದಿದ್ದೆ. ಒಬ್ಬರೇ ಕೂರುವ, ನಾಲ್ಕು ಚಕ್ರವೂ ಬಾಡಿಯಿಂದ ಹೊರಗೇ ಇರುವ, ವಾರವೆಲ್ಲ ಬೇರೆ ಕೆಲಸ ಮಾಡುವವರು ರಜೆಯ ದಿನ ಓಡಿಸುವ ರೇಸ್ ಕಾರುಗಳು. ಇಂಥ ವರ್ಗಗಳ ನಿಯಮ ಬದಲಿಸಬೇಕು ಅನ್ನುವ ಪ್ರಸ್ತಾಪಗಳು ಆಗಾಗ ಬರುತ್ತವೆ ಅಂತ ಕೊನೆಯಲ್ಲಿ ಎರಡು ಸಾಲು ಸೇರಿಸಿದ್ದೆ. ಬಂದ ಪತ್ರಗಳೆಲ್ಲ ಆ ಎರಡು ಸಾಲಿನ ಮೇಲೇ. ಕೆಲವರಿಗೆ ಸಿಟ್ಟು, ಕೆಲವರಿಗೆ ಭಯ, ಒಂದಿಬ್ಬರಿಗೆ ನನ್ನ ಮೇಲೇ ಅನುಮಾನ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಫಾರ್ಮುಲಾ ವೀ ಅರವತ್ತು ವರ್ಷದಿಂದ ಚೆನ್ನಾಗಿಯೇ ನಡೆಯುತ್ತಿದೆ. ಅದನ್ನು ಅದರ ಪಾಡಿಗೆ ಬಿಡಬಾರದಾ? ಯಾಕೆ ಕೈ ಹಾಕಬೇಕು?

ಉತ್ತರ: ಬಿಡಿಭಾಗ ಸಿಗುತ್ತಲೇ ಇದ್ದಿದ್ದರೆ ಖಂಡಿತ ಬಿಡಬಹುದಿತ್ತು. ಈ ವರ್ಗ ಹುಟ್ಟಿದ್ದು ಬಹಳ ಸರಳವಾದ ಯೋಚನೆಯಿಂದ. ರಸ್ತೆ ತುಂಬ ಫೋಕ್ಸ್‌ವ್ಯಾಗನ್ ಬೀಟಲ್‌ಗಳಿವೆ, ಗುಜರಿಯಲ್ಲೂ ಬೇಕಾದಷ್ಟು ಬಿದ್ದಿವೆ, ಅದರ ಎಂಜಿನ್, ಗೇರ್‌ಬಾಕ್ಸ್, ಮುಂದಿನ ಆಕ್ಸಲ್ ತಂದು ಉಕ್ಕಿನ ಪೈಪಿನ ಚೌಕಟ್ಟಿಗೆ ಕೂರಿಸಿದರೆ ಅಗ್ಗದಲ್ಲಿ ರೇಸ್ ಕಾರು ಆಗುತ್ತದೆ. 1963ರಲ್ಲಿ ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್, ಎಲ್ಲರೂ ಎಸ್‌ಸಿಸಿಎ ಅನ್ನುವ ಸಂಸ್ಥೆ, ಇದನ್ನು ಒಂದು ವರ್ಗವಾಗಿ ಒಪ್ಪಿತು. ಎಂಜಿನ್ 1200 ಸಿಸಿ, ಗಾಳಿಯಲ್ಲೇ ತಣ್ಣಗಾಗುವಂಥದ್ದು. ಬೀಟಲ್‌ನಲ್ಲಿ ಎಂಜಿನ್ ಇರುವುದು ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ. ವೀ ಕಾರಿನಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡನ್ನೂ ಒಟ್ಟಿಗೆ ತಿರುಗಿಸಿ, ಎಂಜಿನ್ ಚಾಲಕನ ಬೆನ್ನಿನ ಹಿಂದೆ ಬರುವಂತೆ ಕೂರಿಸುತ್ತಾರೆ. ತಿರುಗಿಸಿ ಅಷ್ಟಕ್ಕೇ ಬಿಟ್ಟರೆ ಕಾರಿಗೆ ನಾಲ್ಕು ರಿವರ್ಸ್ ಗೇರು, ಮುಂದಕ್ಕೆ ಒಂದೇ ಗೇರು ಆಗಿಬಿಡುತ್ತದೆ. ಹಾಗಾಗಿ ಗೇರ್‌ಬಾಕ್ಸ್ ಒಳಗೆ ಚಕ್ರಗಳಿಗೆ ಶಕ್ತಿ ದಾಟಿಸುವ ದೊಡ್ಡ ಹಲ್ಲಿನ ಚಕ್ರವನ್ನು, ಅಂದರೆ ಕ್ರೌನ್ ವೀಲನ್ನು, ಆಚೆ ಬದಿಗೆ ಹಾಕುತ್ತಾರೆ. ಈ ಕೆಲಸವನ್ನು ಮೊದಲ ಸಲ ನೋಡಿದಾಗ ನನಗಾದ ಖುಷಿ ಇನ್ನೂ ನೆನಪಿದೆ.

ಈಗಿನ ಸಮಸ್ಯೆ ನೋಡಿ. ವೀಗೆ ಬೇಕಾಗಿರುವುದು ಕಿಂಗ್ ಪಿನ್, ಅಂದರೆ ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ಹೊರಳುವ ಉಕ್ಕಿನ ಗೂಟ, ಇರುವ ಹಳೆಯ ಮುಂದಿನ ಆಕ್ಸಲ್. 1966ರ ಮಾದರಿಯಿಂದ ಬೀಟಲ್‌ಗೆ ಅದರ ಬದಲು ಗುಂಡಿನಾಕಾರದ ಕೀಲು, ಬಾಲ್ ಜಾಯಿಂಟ್, ಬಂತು. ಅಂದರೆ ಬೀಟಲ್ ಕಾರು ಮೆಕ್ಸಿಕೋದಲ್ಲಿ 2003ರವರೆಗೂ ತಯಾರಾದರೂ ನಮಗೆ ಬೇಕಾದ ಆಕ್ಸಲ್ ಅದರಲ್ಲಿ ಇರಲಿಲ್ಲ. ಹಳೆಯ ಬೀಟಲ್‌ಗಳನ್ನು ಈಗ ಜನ ಪ್ರೀತಿಯಿಂದ ಸರಿಮಾಡಿ ಇಟ್ಟುಕೊಳ್ಳುತ್ತಾರೆ, ಗುಜರಿಗೆ ಯಾರು ಹಾಕುತ್ತಾರೆ ಹೇಳಿ? ಅಗ್ಗದ ವಸ್ತು ಅಪರೂಪದ ವಸ್ತುವಾಯಿತು. ನಿಯಮ ಮಾತ್ರ ಅದೇ ವಸ್ತುವನ್ನೇ ಕೇಳುತ್ತಿದೆ.

ಇನ್‌ಟೇಕ್ ಮ್ಯಾನಿಫೋಲ್ಡ್ ಕಥೆ ಇನ್ನೂ ಬೇಸರದ್ದು. ಒಂದೇ ಸೋಲೆಕ್ಸ್ ಕಾರ್ಬುರೇಟರ್‌ನಿಂದ ಎರಡೂ ಬದಿಯ ಸಿಲಿಂಡರ್‌ಗಳಿಗೆ ಪೆಟ್ರೋಲ್ ಬೆರೆತ ಗಾಳಿ ಒಯ್ಯುವ ಸಣ್ಣ ಕೊಳವೆ ಅದು. ಕಂಪನಿಯಿಂದ ಬಂದ ಕೊಳವೆಯನ್ನೇ ಬಳಸಬೇಕು ಅನ್ನುವುದು ಮೂಲ ಆಶಯ. ಆದರೆ ಕಾರ್ಖಾನೆಯಲ್ಲಿ ಮಾಡಿದ ಎರಡು ಕೊಳವೆ ಒಂದೇ ಥರ ಇರುವುದಿಲ್ಲ. ಹತ್ತಾರು ಕೊಳವೆ ಗುಡ್ಡೆ ಹಾಕಿಕೊಂಡು, ಒಂದೊಂದನ್ನೂ ಅಳೆದು, ಜಾಸ್ತಿ ಗಾಳಿ ಬಿಡುವುದನ್ನು ಆರಿಸಿಕೊಳ್ಳುವವರು ಮುಂದೆ ಹೋಗುತ್ತಾರೆ. ಒಂದೇ ಒಂದು ಇರುವವರು ಅದನ್ನೇ ಹಾಕಿಕೊಂಡು ಹಿಂದೆ ಉಳಿಯುತ್ತಾರೆ. ಹೊಸದಾಗಿ, ಒಂದೇ ಅಳತೆಗೆ ಮಾಡಿಸಿದ ಮ್ಯಾನಿಫೋಲ್ಡ್ ಎಲ್ಲರಿಗೂ ಕೊಡಿ ಅನ್ನುವ ಪ್ರಸ್ತಾಪ ಬಂದರೆ ನಾನು ಎರಡೂ ಕೈ ಎತ್ತುತ್ತೇನೆ. ಇಲ್ಲಿ ನಿಯಮದ ಪದ ಬದಲಾಗುತ್ತದೆ, ಉದ್ದೇಶ ಉಳಿಯುತ್ತದೆ.

ಪ್ರಶ್ನೆ: ನಮ್ಮ ವರ್ಗದಲ್ಲಿ ಡ್ರಮ್ ಬ್ರೇಕ್ ಬದಲು ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಹಾಕಬಹುದು ಅಂತ ಕರಡು ಬಂದಿದೆ. ಕಡ್ಡಾಯ ಏನಲ್ಲ, ಬೇಕಾದವರು ಹಾಕಿಕೊಳ್ಳಲಿ ಅಂತಷ್ಟೇ ಇದೆ. ಇದರಿಂದ ಯಾರಿಗೆ ತೊಂದರೆ?

ಉತ್ತರ: "ಬೇಕಾದವರು ಹಾಕಿಕೊಳ್ಳಲಿ" ಅನ್ನುವ ಮಾತು ಕೇಳಲು ಬಹಳ ಚೆನ್ನಾಗಿದೆ. ರೇಸಿನಲ್ಲಿ ಅದಕ್ಕೆ ಅರ್ಥ ಇಲ್ಲ. ಹೊಸ ಭಾಗ ಒಂದು ಸುತ್ತಿಗೆ ಸೆಕೆಂಡಿನ ಹತ್ತನೇ ಎರಡು ಭಾಗದಷ್ಟು ಉಳಿಸಿಕೊಟ್ಟರೆ ಸಾಕು, ಮುಂದಿನ ಋತುವಿನಲ್ಲಿ ಗೆಲ್ಲಬೇಕು ಅನ್ನುವವರೆಲ್ಲ ಹಾಕಿಸುತ್ತಾರೆ. ಹಾಕಿಸಲು ಆಗದವರು ಒಂದು ವರ್ಷ ಒದ್ದಾಡಿ ಆಮೇಲೆ ಬರುವುದೇ ನಿಲ್ಲಿಸುತ್ತಾರೆ. ಕಡ್ಡಾಯ ಅಂತ ಎಲ್ಲೂ ಬರೆಯದೆ ಕಡ್ಡಾಯ ಆಗಿಹೋಗುತ್ತದೆ.

ಆದರೂ ನಾನು ಡಿಸ್ಕ್ ವಿರೋಧಿ ಅಲ್ಲ. ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಬೇಕು. ಡ್ರಮ್ ಇದ್ದರೆ ಕಾರು ನಿಲ್ಲುವುದಿಲ್ಲ ಅನ್ನುವುದು ಸರಿಯಲ್ಲ. ಆ ಡ್ರಮ್‌ಗಳು ಖಾಲಿ ಇದ್ದರೂ ಏಳುನೂರು ಕಿಲೋ ದಾಟುವ ಬೀಟಲ್ ಕಾರನ್ನು, ಅದೂ ನಾಲ್ಕು ಜನ ಕೂತಾಗ, ನಿಲ್ಲಿಸಲು ಮಾಡಿದವು. ವೀ ಕಾರು ಎಸ್‌ಸಿಸಿಎ ನಿಯಮದಲ್ಲಿ ಚಾಲಕನೂ ಸೇರಿ ಕನಿಷ್ಠ 1025 ಪೌಂಡ್, ಅಂದರೆ ಸುಮಾರು 465 ಕಿಲೋ. ಟೈರು ಕಿರಿದು. ಬ್ರೇಕಿನ ಶಕ್ತಿ ಮುಗಿಯುವ ಮೊದಲೇ ಟೈರಿನ ಹಿಡಿತ ಮುಗಿದು ಚಕ್ರ ಲಾಕ್ ಆಗುತ್ತದೆ. ಒಂದು ಸಲದ ಬ್ರೇಕಿಂಗ್‌ನಲ್ಲಿ ಡಿಸ್ಕ್‌ನಿಂದ ನಿಲ್ಲುವ ದೂರ ಅಂಥ ಕಡಿಮೆ ಆಗುವುದಿಲ್ಲ.

ಡಿಸ್ಕ್ ಗೆಲ್ಲುವುದು ಬೇರೆ ಕಡೆ. ಡ್ರಮ್ ಬಿಸಿಯಾದಾಗ ಹಿಗ್ಗಿ, ಒಳಗಿನಿಂದ ಅದನ್ನು ಒತ್ತಿ ಹಿಡಿಯುವ ಶೂನಿಂದ ದೂರ ಹೋಗುತ್ತದೆ, ಪೆಡಲ್ ಕೆಳಗಿಳಿಯುತ್ತದೆ. ನಾಲ್ಕು ಚಕ್ರದ ಶೂಗಳನ್ನೂ ಸಮ ಮಾಡದಿದ್ದರೆ ಕಾರು ಒಂದು ಬದಿಗೆ ಎಳೆಯುತ್ತದೆ. ನಾನೂ ಒಂದು ಹಳೇ ವೀ ಇಟ್ಟುಕೊಂಡಿದ್ದವನು, ಪ್ರತಿ ಓಟದ ಮೊದಲು ನೆಲದ ಮೇಲೆ ಮಲಗಿ ಶೂ ಸರಿಮಾಡಿದ ಬೆಳಗುಗಳಿಗೆ ಲೆಕ್ಕ ಇಲ್ಲ. ಒಳ್ಳೆಯ ಹಳೆಯ ಡ್ರಮ್ ಸಿಗುವುದೂ ಕಷ್ಟವಾಗುತ್ತಿದೆ. ಹಾಗಾಗಿ ನನ್ನ ಸಲಹೆ ಇಷ್ಟು: ಡಿಸ್ಕ್ ಬರಲಿ, ಆದರೆ ಒಂದೇ ಮಾದರಿ ಕಿಟ್ ಅಂತ ನಿಗದಿ ಮಾಡಲಿ, ಕಾರಿನ ಅಗಲ ಮತ್ತು ಚಕ್ರದ ಅಳತೆ ಬದಲಾಗದಿರಲಿ, ಡಿಸ್ಕ್ ಹಾಕಿದವರು ಸ್ವಲ್ಪ ತೂಕ ಜಾಸ್ತಿ ಹೊರಲಿ. ಡ್ರಮ್ ಇಟ್ಟುಕೊಂಡವರಿಗೆ ಆಗ ಗೆಲ್ಲುವ ಅವಕಾಶ ಇರುತ್ತದೆ. ಅವರ ಡ್ರಮ್ ಸವೆದ ದಿನ ಅವರೂ ಬದಲಾಯಿಸುತ್ತಾರೆ.

ಪ್ರಶ್ನೆ: ಹಳೆಯ ಎಂಜಿನ್ ಜೊತೆ ಹೊಸ ಎಂಜಿನ್ ಓಡಿಸುವುದು ನ್ಯಾಯವಾಗಿ ಸಾಧ್ಯವೇ? ನನಗಂತೂ ನಂಬಿಕೆ ಇಲ್ಲ.

ಉತ್ತರ: ಕಷ್ಟ, ಆದರೆ ಸಾಧ್ಯ. ಫಾರ್ಮುಲಾ ಫೋರ್ಡ್ ನೋಡಿ. 1967ರಲ್ಲಿ ಇಂಗ್ಲೆಂಡಿನ ಬ್ರ್ಯಾಂಡ್ಸ್ ಹ್ಯಾಚ್ ಟ್ರ್ಯಾಕಿನಲ್ಲಿ ಶುರುವಾದ ವರ್ಗ ಅದು. ಗಾಳಿಯ ಬಲದಿಂದ ಕಾರನ್ನು ನೆಲಕ್ಕೆ ಒತ್ತುವ ರೆಕ್ಕೆ ಇಲ್ಲ, 1600 ಸಿಸಿ ಫೋರ್ಡ್ ಎಂಜಿನ್. ಆಮೇಲೆ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದ ನೈಜೆಲ್ ಮ್ಯಾನ್ಸೆಲ್, ಐರ್ಟನ್ ಸೆನ್ನಾ ಅಲ್ಲಿಂದ ಬಂದರು. ಅಷ್ಟೇ ಮುಖ್ಯವಾಗಿ, ಎಲ್ಲಿಗೂ ಹೋಗದೆ ಮೂವತ್ತು ವರ್ಷ ಅದನ್ನೇ ಪ್ರೀತಿಯಿಂದ ಓಡಿಸಿದ ಸಾವಿರಾರು ಜನರೂ ಅಲ್ಲಿದ್ದಾರೆ. ಎಲ್ಲರೂ ಕೆಂಟ್ ಅಂತ ಕರೆಯುವ ಆ ಕಬ್ಬಿಣದ ಎಂಜಿನ್ ಗಟ್ಟಿಯೇ. ಆದರೆ ರೇಸಿನಲ್ಲಿ ಓಡಿಸಿದರೆ ಪದೇ ಪದೇ ಬಿಚ್ಚಿ ಕಟ್ಟಬೇಕು. ಅಮೆರಿಕದಲ್ಲಿ 2010ರ ಹೊತ್ತಿಗೆ ಹೋಂಡಾ ಫಿಟ್ ಕಾರಿನ 1.5 ಲೀಟರ್ ಎಂಜಿನ್‌ಗೂ ಅವಕಾಶ ಕೊಟ್ಟರು. ಬೇರೆ ದೇಶಗಳಲ್ಲಿ ಇದೇ ಕಾರನ್ನು ಜಾಜ್ ಅನ್ನುತ್ತಾರೆ. ಹೊಸ ಎಂಜಿನ್‌ಗೆ ಜಾಸ್ತಿ ಶಕ್ತಿ ಇದೆ, ಹಾಗಾಗಿ ಗಾಳಿ ಒಳಗೆ ಹೋಗುವ ದಾರಿಯನ್ನು ಕಿರಿದು ಮಾಡುವ ರೆಸ್ಟ್ರಿಕ್ಟರ್ ಇಟ್ಟು ಕೆಂಟ್ ಮಟ್ಟಕ್ಕೆ ತಂದರು.

ಇದರ ಕಷ್ಟ ಏನು ಅಂದರೆ, ಇಬ್ಬರ ಗರಿಷ್ಠ ಶಕ್ತಿ ಸಮ ಮಾಡಿದರೂ ಆ ಶಕ್ತಿ ಬರುವ ರೀತಿ ಸಮ ಆಗುವುದಿಲ್ಲ. ಒಂದು ಎಂಜಿನ್ ತಿರುವಿನಿಂದ ಹೊರಗೆ ಬರುವಾಗ ಚೆನ್ನಾಗಿ ಎಳೆಯುತ್ತದೆ, ಇನ್ನೊಂದು ನೇರ ದಾರಿಯ ಕೊನೆಯಲ್ಲಿ. ಒಂದು ಟ್ರ್ಯಾಕಿನಲ್ಲಿ ಸಮ ಕಂಡಿದ್ದು ಇನ್ನೊಂದರಲ್ಲಿ ಕಾಣುವುದಿಲ್ಲ. ಹಾಗಾಗಿ ಹೊಸ ಎಂಜಿನ್ ತರುವವರು ಒಂದೇ ಸಲ ನಿಯಮ ಬರೆದು ಕೈ ತೊಳೆದುಕೊಳ್ಳುವಂತಿಲ್ಲ. ಎರಡು ಮೂರು ಋತು ಸುತ್ತಿನ ಸಮಯ ನೋಡುತ್ತಾ ಇರಬೇಕು, ರೆಸ್ಟ್ರಿಕ್ಟರ್ ಬದಲಿಸಲು ತಯಾರಿರಬೇಕು. ಅನುಮಾನ ಬಂದರೆ ಹೊಸದನ್ನೇ ಕೂದಲೆಳೆಯಷ್ಟು ನಿಧಾನ ಇಡಬೇಕು. ಯಾಕೆಂದರೆ ಹೊಸ ಎಂಜಿನ್ ಕೊಂಡವರಿಗೆ ರಿಪೇರಿ ಖರ್ಚು ಕಡಿಮೆ ಅನ್ನುವ ಲಾಭ ಮೊದಲೇ ಸಿಕ್ಕಿದೆ. ಹಳೆಯದನ್ನು ಇಟ್ಟುಕೊಂಡವರಿಗೆ ಆ ಒಂದಿಷ್ಟು ವೇಗವಾದರೂ ಬೇಕಲ್ವಾ?

ಪ್ರಶ್ನೆ: ಸರ್, ನನ್ನ ತೂಕ 98 ಕಿಲೋ. ಕನಿಷ್ಠ ತೂಕ ಏರಿಸಿ ಅಂತ ಕೇಳಿದರೆ "ತೂಕ ಇಳಿಸು" ಅನ್ನುತ್ತಾರೆ. ಕೇಳಿದ್ದು ತಪ್ಪಾ?

ಉತ್ತರ: ತಪ್ಪೇ ಅಲ್ಲ. ಹಾಗೆ ಹೇಳುವವರು ಲೆಕ್ಕ ಮಾಡಿಲ್ಲ. 75 ಕಿಲೋ ಚಾಲಕನಿಗೆ ಹೋಲಿಸಿ, 465 ಕಿಲೋ ಕಾರಿಗೆ ನಿಮ್ಮಿಂದ 23 ಕಿಲೋ ಹೆಚ್ಚಾದರೆ ಅದು ಹತ್ತಿರ ಹತ್ತಿರ ಶೇಕಡಾ 5. ಅರವತ್ತು ಕುದುರೆ ಶಕ್ತಿಯ ಆಸುಪಾಸಿನ ಎಂಜಿನ್‌ಗೆ ಇದು ಮೂರು ಕುದುರೆ ಶಕ್ತಿ ಕಳೆದುಕೊಂಡ ಹಾಗೆ. ಮೂರು ಕುದುರೆ ಶಕ್ತಿಗಾಗಿ ಈ ವರ್ಗದಲ್ಲಿ ಜನ ಚಳಿಗಾಲವೆಲ್ಲ ಎಂಜಿನ್ ಬಿಚ್ಚಿಕೊಂಡು ಕೂರುತ್ತಾರೆ. ಇನ್ನೊಂದು ವಿಷಯ ಇದೆ. ಕನಿಷ್ಠ ತೂಕ ಏರಿಸಿದರೂ ತೆಳ್ಳಗಿರುವವರಿಗೇ ಸ್ವಲ್ಪ ಲಾಭ ಉಳಿಯುತ್ತದೆ, ಏಕೆಂದರೆ ಅವರು ಸೀಸದ ತುಂಡನ್ನು ಕಾರಿನ ತಳದಲ್ಲಿ ಬೇಕಾದ ಜಾಗಕ್ಕೆ ಬೋಲ್ಟ್ ಮಾಡುತ್ತಾರೆ. ನಿಮ್ಮ ಭುಜವನ್ನು ನೀವು ತಳಕ್ಕೆ ಬೋಲ್ಟ್ ಮಾಡಲು ಆಗುವುದಿಲ್ಲ. ಸೀಸದ ತುಂಡಿಗೆ ಆಗುವ ಖರ್ಚು ತೀರಾ ಕಡಿಮೆ, ಹಗುರ ಭಾಗಗಳಿಗೆ ಆಗುವ ಖರ್ಚು ಬಹಳ. ಇಷ್ಟು ಅಗ್ಗದಲ್ಲಿ ಗ್ರಿಡ್‌ಗೆ, ಅಂದರೆ ಓಟ ಶುರುವಾಗುವ ಸಾಲಿಗೆ, ಜನ ಸೇರಿಸುವ ನಿಯಮ ಇನ್ನೊಂದಿಲ್ಲ. ಕೇಳಿ, ಮತ್ತೆ ಮತ್ತೆ ಕೇಳಿ.

ಪ್ರಶ್ನೆ: ಎಲ್ಲರಿಗೂ ಒಂದೇ ಗಟ್ಟಿ ಟೈರು ಅನ್ನುವ ಪ್ರಸ್ತಾಪಕ್ಕೆ ನಿಮ್ಮ ಅಭಿಪ್ರಾಯ?

ಉತ್ತರ: ಪೂರ್ತಿ ಒಪ್ಪಿಗೆ. ಮೆತ್ತನೆಯ ರೇಸ್ ಟೈರು ಬಿಸಿಯಾಗಿ ತಣ್ಣಗಾದ ಪ್ರತಿ ಸಲವೂ ಸ್ವಲ್ಪ ಗಟ್ಟಿಯಾಗುತ್ತದೆ. ನೋಡಲು ಇನ್ನೂ ರಬ್ಬರ್ ಇರುತ್ತದೆ, ಹಿಡಿತ ಇರುವುದಿಲ್ಲ. ಕೈಯಲ್ಲಿ ಹಣ ಇದ್ದವರು ಪ್ರತಿ ವಾರಾಂತ್ಯಕ್ಕೂ ಹೊಸ ಸೆಟ್ ಹಾಕುತ್ತಾರೆ. ಗಟ್ಟಿ ಟೈರು ಬಂದರೆ ಸುತ್ತಿನ ಸಮಯ ಒಂದೆರಡು ಸೆಕೆಂಡ್ ಹೆಚ್ಚಾಗಬಹುದು. ಎಲ್ಲರಿಗೂ ಹೆಚ್ಚಾಗುತ್ತದೆ, ಬಿಡಿ.

ಪ್ರಶ್ನೆ: ವೀ ಕಾರಿಗೂ ಸಣ್ಣ ರೆಕ್ಕೆ ಇದ್ದರೆ ನೋಡಲು ಚೆಂದ, ವೇಗವೂ ಜಾಸ್ತಿ. ಯಾಕೆ ಬೇಡ?

ಉತ್ತರ: ದಯವಿಟ್ಟು ಬೇಡ. ರೆಕ್ಕೆ ಇಲ್ಲದ, ಕಡಿಮೆ ಶಕ್ತಿಯ ಕಾರಿನಲ್ಲಿ ಮುಂದಿನವರು ಗಾಳಿಯನ್ನು ಸೀಳಿಕೊಟ್ಟ ದಾರಿಯಲ್ಲೇ ಹೋಗಿ, ನೇರ ದಾರಿಯ ಕೊನೆಯಲ್ಲಿ ಹೊರಗೆ ಬಂದು ದಾಟಬಹುದು. ನಾಲ್ಕೈದು ಕಾರು ಮೂಗಿಗೆ ಬಾಲ ತಾಗುವಷ್ಟು ಹತ್ತಿರ ಹೋಗಿ, ಕೊನೆಯ ಸುತ್ತಿನಲ್ಲಿ ಯಾರು ಗೆಲ್ಲುತ್ತಾರೋ ಗೊತ್ತಾಗದ ಓಟಗಳನ್ನು ನೋಡಿದವರು ರೆಕ್ಕೆ ಕೇಳುವುದಿಲ್ಲ. ರೆಕ್ಕೆಯ ಕಾರು ಮುಂದಿನ ಕಾರಿನ ಕೆಟ್ಟ ಗಾಳಿಯಲ್ಲಿ ತಿರುವಿನಲ್ಲಿ ಹಿಡಿತ ಕಳೆದುಕೊಳ್ಳುತ್ತದೆ.

ಪ್ರಶ್ನೆ: ನಮ್ಮ ಮಗ ಈ ಕಾರು ಓಡಿಸುತ್ತಾನೆ. ಫಾರ್ಮುಲಾ ಒನ್‌ನಲ್ಲಿ 2018ರಿಂದ ಹೇಲೋ, ಅಂದರೆ ಚಾಲಕನ ತಲೆ ಕಾಯುವ ಲೋಹದ ಕಮಾನು, ಇದೆ. ಇಲ್ಲೂ ಕಡ್ಡಾಯ ಮಾಡಬಾರದಾ? ಸುರಕ್ಷತೆಗೂ ಖರ್ಚಿನ ಲೆಕ್ಕ ಹಾಕುತ್ತೀರಾ?

ಉತ್ತರ: ಇಲ್ಲಮ್ಮ, ಸುರಕ್ಷತೆಯ ವಿಷಯದಲ್ಲಿ ನಾನು ಖರ್ಚಿನ ಮಾತು ಎತ್ತುವುದಿಲ್ಲ. ನಿಮ್ಮ ಭಯಕ್ಕೆ ಕಾರಣ ಇದೆ. ಚಕ್ರಗಳು ಹೊರಗೆ ಇರುವ ಕಾರಿನಲ್ಲಿ ಒಂದು ವಿಶೇಷ ಅಪಾಯ ಇದೆ. ಮುಂದಿನ ಕಾರಿನ ಹಿಂಚಕ್ರದ ಹಿಂಭಾಗ ಮೇಲಕ್ಕೆ ಸುತ್ತುತ್ತಿರುತ್ತದೆ. ಹಿಂದಿನಿಂದ ಬಂದವರ ಮುಂಚಕ್ರ ಅದಕ್ಕೆ ತಾಗಿದರೆ ಟೈರು ಟೈರನ್ನು ಹಿಡಿದು ಹತ್ತುತ್ತದೆ, ಕಾರು ಗಾಳಿಗೆ ಏಳುತ್ತದೆ.

ಆದರೆ ಹೇಲೋ ತಂದು ಹಳೆಯ ಪೈಪ್ ಚೌಕಟ್ಟಿಗೆ ಬೋಲ್ಟ್ ಮಾಡಿದರೆ ಅದು ಹೇಲೋ ಆಗುವುದಿಲ್ಲ. ಅಪಘಾತದಲ್ಲಿ ಅದರ ಮೇಲೆ ಬೀಳುವ ಟನ್‌ಗಟ್ಟಲೆ ಭಾರವನ್ನು ಚೌಕಟ್ಟು ಹೊರಬೇಕು. ಅದಕ್ಕೆ ತಕ್ಕಂತೆ ಮೊದಲಿನಿಂದಲೇ ಚೌಕಟ್ಟು ಮಾಡಿರಬೇಕು, ಚಾಲಕ ಬೇಗ ಹೊರಗೆ ಬರುವಂತೆಯೂ ಇರಬೇಕು. ಹೊಸ ಚೌಕಟ್ಟುಗಳಿಗೆ ಇದನ್ನು ಕೇಳುವುದು ಸರಿ. ಹಳೆಯ ಕಾರಿನಲ್ಲಿ ಇವತ್ತೇ ಮಾಡಬಹುದಾದದ್ದು ಬೇರೆ ಇದೆ. ಕಾರು ಮಗುಚಿದರೆ ತಲೆ ಕಾಯುವ ಪೈಪಿನ ಕಮಾನು, ರೋಲ್ ಹೂಪ್, ಹೆಲ್ಮೆಟ್‌ಗಿಂತ ಕನಿಷ್ಠ ಎರಡು ಇಂಚು ಎತ್ತರ ಇದೆಯಾ ನೋಡಿ. ಮಕ್ಕಳು ಬೆಳೆಯುತ್ತಾರೆ, ಹೂಪ್ ಬೆಳೆಯುವುದಿಲ್ಲ. ತಲೆ ಕುತ್ತಿಗೆ ಹಿಡಿಯುವ ಹ್ಯಾನ್ಸ್ ಥರದ ಸಾಧನ ಇದೆಯಾ? ಫಾರ್ಮುಲಾ ಒನ್‌ನಲ್ಲಿ 2003ರಿಂದಲೇ ಅದು ಕಡ್ಡಾಯ. ಬೆಲ್ಟಿನ ಮೇಲೆ ಹೊಲಿದಿರುವ ದಿನಾಂಕ ಮುಗಿದಿದೆಯಾ? ತಲೆಯ ಎರಡೂ ಬದಿಗೆ ಗಟ್ಟಿ ಫೋಮ್ ಇದೆಯಾ? ಈ ನಾಲ್ಕನ್ನೂ ನಿಮ್ಮ ಕೈಯಾರೆ ಮುಟ್ಟಿ ನೋಡಿ. ಮಗ ಬೇಡ ಅಂದರೂ ನೋಡಿ.

ಪ್ರಶ್ನೆ: ನಾವು ಬರೆದರೆ ಯಾರಾದರೂ ಓದುತ್ತಾರಾ? ಎಲ್ಲ ಮೇಲಿನವರೇ ತೀರ್ಮಾನ ಮಾಡುವುದಲ್ಲವಾ?

ಉತ್ತರ: ಓದುತ್ತಾರೆ. ಎಸ್‌ಸಿಸಿಎಯಲ್ಲಿ ಪ್ರಸ್ತಾಪ ಹುಟ್ಟುವುದೇ ಸದಸ್ಯರ ಪತ್ರದಿಂದ. ಅದನ್ನು ಆ ವರ್ಗದ ಸಲಹಾ ಸಮಿತಿ ನೋಡುತ್ತದೆ, ಆಮೇಲೆ ಕ್ಲಬ್ ರೇಸಿಂಗ್ ಬೋರ್ಡ್, ಕೊನೆಗೆ ನಿರ್ದೇಶಕರ ಮಂಡಳಿ. ನಡುವೆ ಸದಸ್ಯರ ಅಭಿಪ್ರಾಯ ಕೇಳುತ್ತಾರೆ. ಬೇರೆ ಕ್ಲಬ್‌ಗಳಲ್ಲಿ ಹೆಸರು ಬೇರೆ ಇರಬಹುದು, ದಾರಿ ಹೆಚ್ಚುಕಡಿಮೆ ಇಂಥದ್ದೇ. ತೊಂದರೆ ಏನೆಂದರೆ ಬದಲಾವಣೆ ಬೇಕಾದವರು ಬರೆಯುತ್ತಾರೆ, ಬೇಡದವರು ಶೆಡ್ಡಿನಲ್ಲಿ ಗೊಣಗುತ್ತಾರೆ. "ವಿರೋಧ ಇದೆ" ಅಂತ ಒಂದು ಸಾಲು ಬರೆದರೆ ಸಾಲದು. ನಿಮ್ಮ ಕಾರು ಯಾವುದು, ಯಾವ ಭಾಗ ಸಿಗುತ್ತಿಲ್ಲ, ಈ ಬದಲಾವಣೆಗೆ ಎಷ್ಟು ಖರ್ಚು, ಎಷ್ಟು ಸಮಯ ಬೇಕು ಅಂತ ಬರೆಯಿರಿ. ಒಪ್ಪಿಗೆ ಇದ್ದರೆ ಅದನ್ನೂ ಬರೆಯಿರಿ.

ಪ್ರಶ್ನೆ: ಹಳೆಯ ವೀ ಒಂದು ಮಾರಾಟಕ್ಕಿದೆ. ನಿಯಮ ಇತ್ಯರ್ಥ ಆಗುವವರೆಗೆ ಕಾಯಲಾ?

ಉತ್ತರ: ಕಾಯಬೇಡಿ. ನಿಯಮದ ಚರ್ಚೆ ಯಾವ ವರ್ಷವೂ ನಿಲ್ಲುವುದಿಲ್ಲ, ನಿಮ್ಮ ವಯಸ್ಸೂ ನಿಲ್ಲುವುದಿಲ್ಲ. ಕೊಳ್ಳುವ ಮೊದಲು ಲಾಗ್‌ಬುಕ್ ಕೇಳಿ, ಅದರಲ್ಲಿ ಅಪಘಾತದ ಟಿಪ್ಪಣಿ ಇದೆಯಾ ಓದಿ. ರೋಲ್ ಹೂಪ್ ಬುಡದ ವೆಲ್ಡಿಂಗ್ ನೋಡಿ. ಮುಂದಿನ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಕಿಂಗ್ ಪಿನ್ ಸವೆದಿದ್ದರೆ ಕೈಗೇ ಗೊತ್ತಾಗುತ್ತದೆ. ಮಾರುವವರ ಹತ್ತಿರ ಹೆಚ್ಚುವರಿ ಡ್ರಮ್, ಆಕ್ಸಲ್, ಮ್ಯಾನಿಫೋಲ್ಡ್ ಇದ್ದರೆ ಕಾರಿನ ಜೊತೆಗೇ ಕೇಳಿ ತಗೊಳ್ಳಿ. ಆಮೇಲೆ ಹೋಗಿ ಕೇಳಿದರೆ ಅವು ಇನ್ಯಾರದೋ ಶೆಡ್ಡಿಗೆ ಸೇರಿರುತ್ತವೆ.