ಹಳೆಯ ಮಾಜ್ದಾ ಆರ್‌ಎಕ್ಸ್-8 ಕೊಂಡಾಗಿದೆ, ಮೊದಲ ದುಡ್ಡನ್ನು ಎಲ್ಲಿ ಹಾಕಬೇಕು?

ನೀವು ನಾರ್ತ್ ಕ್ಯಾರೊಲೈನಾದಲ್ಲಿ ಕೊಂಡಿರುವುದು 2005ರ ಮಾಜ್ದಾ ಆರ್‌ಎಕ್ಸ್-8, ಆರು ಗೇರಿನ ಮ್ಯಾನ್ಯುಯಲ್, ಓಡಿರುವುದು ಸುಮಾರು 80,000 ಮೈಲಿ, ಹಿಂದಿನ ಮಾಲೀಕರಿಂದ ಸರ್ವೀಸ್ ದಾಖಲೆ ಏನೂ ಸಿಕ್ಕಿಲ್ಲ ಎಂದು ಬರೆದಿದ್ದೀರಿ. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುವ ಇಂಜಿನ್, ಬಿಸಿಯಾಗಿರುವಾಗ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಸತಾಯಿಸುತ್ತದೆ ಎಂದೂ, ಕೈಯಲ್ಲಿರುವ ಎರಡು ಸಾವಿರ ಡಾಲರನ್ನು ಇನ್‌ಟೇಕ್ ಮತ್ತು ಎಕ್ಸಾಸ್ಟ್‌ಗೆ ಹಾಕಬೇಕೋ ಟರ್ಬೊ ಕಿಟ್‌ಗೆಂದು ಕೂಡಿಡಬೇಕೋ ಎಂದೂ ಕೇಳಿದ್ದೀರಿ. ಇದೇ ಪೀಳಿಗೆಯ ಕಾರನ್ನು ಒಹಾಯೊದಲ್ಲಿ ವರ್ಷಗಳಿಂದ ಇಟ್ಟುಕೊಂಡು, ಅದರ ಬಹುಪಾಲು ಕೆಲಸವನ್ನು ನಾನೇ ಮಾಡಿಕೊಂಡು ಬಂದಿದ್ದೇನೆ. ನನ್ನ ಉತ್ತರ, ಸದ್ಯಕ್ಕೆ ಎರಡೂ ಬೇಡ. ಇಂಜಿನ್‌ನ ಕಂಪ್ರೆಷನ್, ಅಂದರೆ ಒಳಗೆ ಗಾಳಿಯನ್ನು ಅದುಮಿ ಹುಟ್ಟಿಸುವ ಒತ್ತಡ, ಎಷ್ಟಿದೆ ಎಂಬುದು ಅಂಕಿಯಲ್ಲಿ ಗೊತ್ತಾಗುವವರೆಗೆ ಈ ಕಾರಿನ ಶಕ್ತಿ ಹೆಚ್ಚಿಸಲು ಒಂದು ಡಾಲರನ್ನೂ ಖರ್ಚು ಮಾಡಬೇಡಿ.

ಕಾರಣ ಇಂಜಿನ್‌ನ ರಚನೆಯಲ್ಲೇ ಇದೆ. ಇದು ರೋಟರಿ ಇಂಜಿನ್, ಇದರಲ್ಲಿ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ತಲಾ 654 ಸಿಸಿಯ ಎರಡು ಕೋಣೆಗಳಲ್ಲಿ ಉಬ್ಬಿದ ತ್ರಿಕೋನದಂತಹ ಎರಡು ರೋಟರ್‌ಗಳು ತಿರುಗುತ್ತವೆ. ಪ್ರತಿ ರೋಟರ್‌ಗೆ ಮೂರು ಮುಖಗಳು, ಒತ್ತಡ ಸೋರದಂತೆ ತಡೆಯಲು ಮೂರು ಮೂಲೆಗಳಲ್ಲಿ ಅಪೆಕ್ಸ್ ಸೀಲ್‌ಗಳು, ಎರಡೂ ಪಕ್ಕಗಳಲ್ಲಿ ಸೈಡ್ ಸೀಲ್‌ಗಳು. ಈ ಸೀಲ್‌ಗಳು ಸವೆದರೆ ಅಥವಾ ಇಂಗಾಲ ಕಟ್ಟಿಕೊಂಡು ತಮ್ಮ ಜಾಗದಲ್ಲಿ ಸಿಕ್ಕಿಹಾಕಿಕೊಂಡರೆ ಇಂಜಿನ್ ಬಿಚ್ಚದೆ ಬೇರೆ ದಾರಿಯಿಲ್ಲ, ಹಾಗೆ ಬಿಚ್ಚಿ ಕಟ್ಟಿಸುವ ಖರ್ಚು ಬಹಳಷ್ಟು ಸಲ ಕಾರಿನ ಬೆಲೆಯನ್ನೇ ಮೀರುತ್ತದೆ. ಸಾಮಾನ್ಯ ಗ್ಯಾರೇಜಿನ ಕಂಪ್ರೆಷನ್ ಗೇಜ್ ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ, ಏಕೆಂದರೆ ಅದು ಮೂರು ಮುಖಗಳಲ್ಲಿ ಅತಿ ಹೆಚ್ಚು ಒತ್ತಡ ಕೊಟ್ಟ ಮುಖದ ಅಂಕಿಯನ್ನು ಮಾತ್ರ ಹಿಡಿದಿಟ್ಟು, ಸೋತಿರುವ ಮುಖವನ್ನು ಮರೆಮಾಡುತ್ತದೆ. ರೋಟರಿಗೆಂದೇ ಮಾಡಿದ ಟೆಸ್ಟರ್ ಇರುವವರ ಬಳಿ ಹೋಗಿ, ಇಂಜಿನ್ ಪೂರ್ತಿ ಬಿಸಿಯಾಗಿರುವಾಗ, ಚಾರ್ಜ್ ತುಂಬಿದ ಬ್ಯಾಟರಿಯೊಂದಿಗೆ ಪರೀಕ್ಷೆ ಮಾಡಿಸಿ. ಕೈಗೆ ಮುಖಕ್ಕೊಂದರಂತೆ ಆರು ಅಂಕಿಗಳು ಬರಬೇಕು, ಜೊತೆಗೆ ಆಗ ಇಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತಿತ್ತು ಎಂಬುದೂ ಬರಬೇಕು. 250 ಆರ್‌ಪಿಎಂಗೆ ಹೊಂದಿಸಿ ನೋಡಿದಾಗ ಕಂಪನಿಯ ಪ್ರಕಾರ ಸರಿಯಾದ ಒತ್ತಡ 830 ಕಿಲೋಪ್ಯಾಸ್ಕಲ್, ಕನಿಷ್ಠ ಮಿತಿ 680. ಒಂದೇ ರೋಟರ್‌ನ ಮುಖಗಳ ನಡುವೆ 150ಕ್ಕಿಂತ, ಎರಡು ರೋಟರ್‌ಗಳ ನಡುವೆ 100ಕ್ಕಿಂತ ಹೆಚ್ಚು ಅಂತರ ಇರಬಾರದು. ವೇಗವನ್ನು ಬರೆಯದೆ ಬರೀ ಒತ್ತಡದ ಅಂಕಿಗಳನ್ನು ಕೊಡುವವರ ಚೀಟಿಯನ್ನು ನಂಬಬೇಡಿ. ಸ್ಟಾರ್ಟರ್ ನಿಧಾನವಾಗಿದ್ದರೆ ಆರೋಗ್ಯವಾಗಿರುವ ಇಂಜಿನ್ ಕೂಡ ಕಡಿಮೆ ಒತ್ತಡ ತೋರಿಸುತ್ತದೆ.

ಬಿಸಿಯಾದಾಗ ಸ್ಟಾರ್ಟ್ ಆಗಲು ತಡವಾಗುವುದು ಕಂಪ್ರೆಷನ್ ಕುಸಿದಿರುವುದರ ಮೊದಲ ಲಕ್ಷಣ ಎಂಬುದು ನಿಜ, ಆದರೆ ಅದೊಂದರಿಂದಲೇ ಎದೆಗುಂದಬೇಕಾಗಿಲ್ಲ. ಮೊದಲ ವರ್ಷಗಳ ಕಾರುಗಳಿಗೆ ಹಾಕಿದ್ದ ಸ್ಟಾರ್ಟರ್ ದುರ್ಬಲವಾಗಿತ್ತು, ಆಮೇಲೆ ಮಾಜ್ದಾ ಅದಕ್ಕಿಂತ ವೇಗವಾಗಿ ತಿರುಗಿಸುವ ಸ್ಟಾರ್ಟರನ್ನು ತಂದಿತು, ಅದು ಹಳೆಯ ಕಾರುಗಳಿಗೂ ಕೂರುತ್ತದೆ. ಪರೀಕ್ಷೆಗೆ ದಿನ ಗೊತ್ತಾಗುವವರೆಗೆ ಮನೆಯಲ್ಲೇ ಒಂದು ಅಂದಾಜು ಸಿಗುತ್ತದೆ. ಫ್ಯೂಯಲ್ ಪಂಪ್‌ನ ಫ್ಯೂಸ್ ತೆಗೆದು, ಪ್ಲಗ್‌ಗಳಿಗೆ ಕಿಡಿಯ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲ್‌ಗಳ ಕನೆಕ್ಟರ್ ಬಿಚ್ಚಿ, ಒಂದು ರೋಟರ್‌ನ ಕೆಳಗಿನ ಸ್ಪಾರ್ಕ್ ಪ್ಲಗ್ಗನ್ನು ಮಾತ್ರ ಹೊರತೆಗೆಯಿರಿ. ಒಬ್ಬರು ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಕೀ ತಿರುಗಿಸಲಿ, ನೀವು ಪಕ್ಕದಲ್ಲಿ ನಿಂತು ಕೇಳಿ. ಪ್ಲಗ್ಗಿನ ತೂತಿನಿಂದ ಫಸ್, ಫಸ್, ಫಸ್ ಎಂದು ಒಂದೇ ಬಲದ, ಒಂದೇ ಲಯದ ಉಸಿರು ಬರುತ್ತಿದ್ದರೆ ಮೂರು ಮುಖಗಳೂ ಸರಿಸುಮಾರು ಸಮನಾಗಿವೆ. ಮೂರರಲ್ಲಿ ಒಂದು ಮೆತ್ತಗಾಗಿ ಲಯ ಕುಂಟುತ್ತಿದ್ದರೆ ಆ ಮುಖದ ಸೀಲ್ ಕೈಕೊಟ್ಟಿದೆ. ಇದೇ ಕ್ರಮದಲ್ಲಿ ಇನ್ನೊಂದು ರೋಟರನ್ನೂ ಕೇಳಿಕೊಳ್ಳಿ.

ಇದರ ಜೊತೆಗೆ ಕಾಸಿಲ್ಲದೆ ಆಗುವ ಇನ್ನೊಂದು ಕೆಲಸವಿದೆ. ಅಮೆರಿಕದಲ್ಲಿ 2004ರಿಂದ 2008ರವರೆಗಿನ ಮಾಡೆಲ್‌ಗಳ ರೋಟರಿ ಇಂಜಿನ್‌ಗೆ ಮಾಜ್ದಾ ವಾರಂಟಿಯನ್ನು 8 ವರ್ಷ ಅಥವಾ 100,000 ಮೈಲಿಗೆ ವಿಸ್ತರಿಸಿತ್ತು, ಆ ಅವಧಿಯಲ್ಲಿ ಅನೇಕ ಕಾರುಗಳ ಇಂಜಿನ್ ಬದಲಾಗಿದೆ. ಮಾಜ್ದಾ ಡೀಲರ್ ಬಳಿ ಕಾರಿನ ವಿಐಎನ್ (ಪ್ರತಿ ಕಾರಿಗೂ ಇರುವ ಗುರುತಿನ) ಸಂಖ್ಯೆ ಕೊಟ್ಟು ವಾರಂಟಿ ಕೆಲಸದ ಇತಿಹಾಸ ಕೇಳಿ. ನಿಮ್ಮದು ಮೂಲ ಇಂಜಿನ್ನೋ ನಡುವೆ ಹಾಕಿದ್ದೋ ಎಂಬುದು ಅಲ್ಲಿಯೇ ತಿಳಿಯಬಹುದು. ಅದೇ ಸಂಖ್ಯೆಯಿಂದ ಬಾಕಿ ಇರುವ ರೀಕಾಲ್‌ಗಳನ್ನೂ, ಅಂದರೆ ದೋಷವಿರುವ ಭಾಗವನ್ನು ಸರಿಪಡಿಸಿಕೊಡಲು ಕಂಪನಿಯೇ ಕೊಟ್ಟ ಕರೆಗಳನ್ನೂ, ನೋಡಿಸಿ. ತಕಾತಾ ಕಂಪನಿಯ ದೋಷಪೂರಿತ ಏರ್‌ಬ್ಯಾಗ್‌ಗಳ ರೀಕಾಲ್‌ಗೆ ಈ ಕಾರು ಸೇರಿದೆ, ಬದಲಾವಣೆ ಉಚಿತ, ಜೀವದ ಪ್ರಶ್ನೆಯಾದ್ದರಿಂದ ಅದನ್ನು ಮುಂದೂಡಬೇಡಿ.

ಕಂಪ್ರೆಷನ್ ಚೆನ್ನಾಗಿದೆ ಎಂದಾದರೆ ಮೊದಲ ದುಡ್ಡು ಇಗ್ನಿಷನ್‌ಗೆ ಹೋಗಬೇಕು. ನಾಲ್ಕು ಕಾಯಿಲ್, ನಾಲ್ಕು ಪ್ಲಗ್, ವೈರ್‌ಗಳು, ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿ. ಪಿಸ್ಟನ್ ಇಂಜಿನ್‌ನಲ್ಲಿ ಒಂದು ಸಿಲಿಂಡರ್‌ಗೆ ಎರಡು ಸುತ್ತಿಗೊಮ್ಮೆ ಕಿಡಿ ಬೇಕಾದರೆ, ಇಲ್ಲಿ ಶಾಫ್ಟ್‌ನ ಪ್ರತಿ ಸುತ್ತಿಗೂ ಪ್ರತಿ ರೋಟರ್‌ಗೆ ಕಿಡಿ ಬೇಕು. 9,000 ಆರ್‌ಪಿಎಂನಲ್ಲಿ ಒಂದು ಕಾಯಿಲ್ ನಿಮಿಷಕ್ಕೆ 9,000 ಸಲ ಕೆಲಸ ಮಾಡುತ್ತದೆ. ಹೀಗಾಗಿ ಇವು 30,000 ಮೈಲಿಗೆಲ್ಲ ಸೊರಗಲು ಶುರುವಾಗುತ್ತವೆ, ಡ್ಯಾಶ್‌ಬೋರ್ಡಿನಲ್ಲಿ ಯಾವ ದೀಪವೂ ಹೊತ್ತದೆ ಸೊರಗುತ್ತವೆ. ಆಮೇಲೆ ನಡೆಯುವುದು ಒಂದರ ಹಿಂದೊಂದು ಬರುವ ಹಾನಿ: ಉರಿಯದೆ ಉಳಿದ ಪೆಟ್ರೋಲ್ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ, ಒಳಗಿನ ಜೇನುಗೂಡು ಕರಗಿ ದಾರಿ ಮುಚ್ಚುತ್ತದೆ, ಹೊರಹೋಗಲಾರದ ಬಿಸಿ ಹೊಗೆ ಇಂಜಿನ್‌ನಲ್ಲೇ ನಿಂತು ಸೀಲ್‌ಗಳನ್ನು ಬೇಯಿಸುತ್ತದೆ. ಸತ್ತ ರೋಟರಿ ಇಂಜಿನ್‌ಗಳಲ್ಲಿ ಅನೇಕವು ಕಾಯಿಲ್‌ನಿಂದ ಸತ್ತಿವೆ ಎಂಬುದು ನನ್ನ ದೃಢ ಅಭಿಪ್ರಾಯ. ಕೆಲಸ ಮಾಡುವಾಗ ಒಂದೊಂದು ಕನೆಕ್ಟರ್‌ಗೂ ಟೇಪ್ ಅಂಟಿಸಿ ಹೆಸರು ಬರೆದುಕೊಳ್ಳಿ, ಏಕೆಂದರೆ ಅದಲುಬದಲಾಗಿ ಸಿಕ್ಕಿಸಿದರೂ ಅವು ಕೂರುತ್ತವೆ. ಕೆಳಗಿನ ಲೀಡಿಂಗ್ ಪ್ಲಗ್ ಮತ್ತು ಮೇಲಿನ ಟ್ರೇಲಿಂಗ್ ಪ್ಲಗ್ ಬೇರೆ ಬೇರೆ ಜಾತಿಯವು. ಅವನ್ನೂ ಅದಲುಬದಲು ಮಾಡಬಾರದು.

ಆಯಿಲ್ ವಿಷಯದಲ್ಲಿ ನಮ್ಮೂರಿನ ಹಿರಿಯರಿಗೆ ಈ ಇಂಜಿನ್ ಬೇಗ ಅರ್ಥವಾಗುತ್ತದೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಗೆ ಬಂಕಿನಲ್ಲಿ ಪೆಟ್ರೋಲಿನ ಜೊತೆ ಆಯಿಲ್ ಬೆರೆಸುತ್ತಿದ್ದಂತೆ, ಇಲ್ಲಿಯೂ ಸೀಲ್‌ಗಳಿಗೆ ಎಣ್ಣೆ ಸಿಗುವುದು ಉರಿಯುವ ಕೋಣೆಯ ಒಳಗೇ. ಒಂದು ಸಣ್ಣ ಮೀಟರಿಂಗ್ ಪಂಪ್ ಇಂಜಿನ್ ಆಯಿಲನ್ನೇ ಸ್ವಲ್ಪ ಸ್ವಲ್ಪವಾಗಿ ಒಳಗೆ ಬಿಡುತ್ತದೆ, ಅದು ಉರಿದು ಹೋಗುತ್ತದೆ. ಆದ್ದರಿಂದ ಆಯಿಲ್ ಕಡಿಮೆಯಾಗುವುದು ದೋಷವಲ್ಲ, ಕಡಿಮೆಯಾಗದೇ ಇದ್ದರೆ ಚಿಂತಿಸಬೇಕು. ಎರಡು ಸಲ ಪೆಟ್ರೋಲ್ ಹಾಕಿಸುವಷ್ಟರಲ್ಲಿ ಒಮ್ಮೆ ಸಮತಟ್ಟಾದ ಜಾಗದಲ್ಲಿ ಡಿಪ್‌ಸ್ಟಿಕ್ ನೋಡಿ, 3,000 ಮೈಲಿಗೊಮ್ಮೆ ಆಯಿಲ್ ಬದಲಾಯಿಸಿ. ಅಮೆರಿಕದಲ್ಲಿ ಕಂಪನಿ ಸೂಚಿಸಿದ್ದು 5ಡಬ್ಲ್ಯೂ-20 ದಪ್ಪದ ಆಯಿಲ್, ಬೇರೆ ದೇಶಗಳಲ್ಲಿ 5ಡಬ್ಲ್ಯೂ-30. ನಾನು ಎರಡನೆಯದನ್ನೇ ಬಳಸುತ್ತೇನೆ. 2009ರಲ್ಲಿ ಕಾರನ್ನು ಪರಿಷ್ಕರಿಸಿದಾಗ ಮಾಜ್ದಾ ಪ್ರತಿ ರೋಟರ್‌ಗೆ ಎರಡರ ಬದಲು ಮೂರು ಕಡೆಯಿಂದ ಎಣ್ಣೆ ಬಿಡಲು ಶುರು ಮಾಡಿತು, ಅಂದರೆ ನಿಮ್ಮ ಮತ್ತು ನನ್ನ ಕಾಲದ ಕಾರುಗಳಲ್ಲಿ ಒಂದು ಕೊರತೆ ಉಳಿದೇ ಇದೆ. ಅದನ್ನು ತುಂಬಲು ಪೆಟ್ರೋಲ್ ಟ್ಯಾಂಕಿಗೆ ಗ್ಯಾಲನ್‌ಗೆ ಅರ್ಧ ಔನ್ಸ್‌ನಂತೆ, ಜೆಎಎಸ್‌ಒ ಎಫ್‌ಡಿ (ಜಪಾನಿನ ಮಾನದಂಡದ ಒಂದು) ದರ್ಜೆಯ ಟೂ-ಸ್ಟ್ರೋಕ್ ಆಯಿಲನ್ನು ಬೆರೆಸುವ ರೂಢಿ ಮಾಲೀಕರಲ್ಲಿದೆ. ಕಂಪನಿಯ ಕೈಪಿಡಿ ಇದನ್ನು ಕೇಳುವುದಿಲ್ಲ. ಆದರೂ ಖರ್ಚು ಅತ್ಯಲ್ಪ, ತರ್ಕ ಸರಿಯಾಗಿದೆ, ನಾನು ತಪ್ಪದೆ ಹಾಕುತ್ತೇನೆ.

ಬಿಸಿಯ ಬಗ್ಗೆ ಇನ್ನೂ ಹೆಚ್ಚು ಎಚ್ಚರ ಬೇಕು. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳನ್ನು ನೋಡಿ ಸಮಾಧಾನಪಡಬೇಡಿ. ಇಂಜಿನ್ ತಣಿಸುವ ದ್ರವವಾದ ಕೂಲೆಂಟ್ ಸಾಕಷ್ಟು ಕಾದ ಮೇಲೂ ಅದು ನಡುವಿನಲ್ಲೇ ನಿಂತಿರುತ್ತದೆ, ಮೇಲೇಳುವ ಹೊತ್ತಿಗೆ ಹಾನಿಯಾಗಿರುತ್ತದೆ. ಅಲ್ಯೂಮಿನಿಯಂ ಮತ್ತು ಕಬ್ಬಿಣದ ಹೌಸಿಂಗ್‌ಗಳನ್ನು ಪದರ ಪದರವಾಗಿ ಜೋಡಿಸಿ ಉದ್ದನೆಯ ಬೋಲ್ಟ್‌ಗಳಿಂದ ಬಿಗಿದಿರುವ ಈ ಇಂಜಿನ್‌ನಲ್ಲಿ, ಒಮ್ಮೆ ಅತಿಯಾಗಿ ಕಾದರೆ ಪದರಗಳ ನಡುವಿನ ಕೂಲೆಂಟ್ ಸೀಲ್ ಹೋಗುತ್ತದೆ. ಒಬಿಡಿ ಪೋರ್ಟ್‌ಗೆ (ಇಂಜಿನ್‌ನ ಮಾಹಿತಿ ಓದುವ ಸಾಕೆಟ್‌ಗೆ) ಸಿಕ್ಕಿಸುವ ಒಂದು ಅಗ್ಗದ ಬ್ಲೂಟೂತ್ ರೀಡರ್ ಕೊಂಡು ನಿಜವಾದ ತಾಪಮಾನವನ್ನು ಫೋನಿನಲ್ಲಿ ನೋಡುತ್ತಿರಿ. ಸಾಮಾನ್ಯ ಓಟದಲ್ಲಿ 80ರಿಂದ 95 ಡಿಗ್ರಿ ಸೆಲ್ಸಿಯಸ್ ಇದ್ದರೆ ಸರಿ, 105 ದಾಟಿದರೆ ಕಾರನ್ನು ಬದಿಗೆ ಹಾಕಿ. ನಿಮ್ಮ ಕಾರಿಗೆ ಇಪ್ಪತ್ತು ವರ್ಷ ವಯಸ್ಸಾಗಿರುವುದರಿಂದ ರೇಡಿಯೇಟರ್, ಹೋಸ್‌ಗಳು, ಥರ್ಮೋಸ್ಟಾಟ್, ಮುಖ್ಯವಾಗಿ ಬಿರುಕು ಬಿಡುವ ಪ್ಲಾಸ್ಟಿಕ್ ಕೂಲೆಂಟ್ ಟ್ಯಾಂಕ್ ಮತ್ತು ಅದರ ಮುಚ್ಚಳ, ಇವನ್ನು ಸೋರುವವರೆಗೆ ಕಾಯದೆ ಹೊಸದಾಗಿ ಹಾಕಿಸಿ.

ದಿನಬಳಕೆಯಲ್ಲಿ ಒಂದು ಅಭ್ಯಾಸ: ತಣ್ಣಗಿರುವ ಇಂಜಿನನ್ನು ಸ್ಟಾರ್ಟ್ ಮಾಡಿ, ಕಾರನ್ನು ನಾಲ್ಕು ಅಡಿ ಸರಿಸಿ, ತಕ್ಷಣ ಆಫ್ ಮಾಡಬಾರದು. ಒಳಗೆ ಪೆಟ್ರೋಲ್ ತುಂಬಿ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಹಾಗಾದರೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಕೀ ತಿರುಗಿಸಿದಾಗ ಇಂಜೆಕ್ಟರ್‌ಗಳು ನಿಂತು ಒಳಗಿನದು ಹೊರಹೋಗುತ್ತದೆ.

ಇನ್ನು ಅಪ್‌ಗ್ರೇಡ್. ಈ ಕಾರಿನ ಸಂಪತ್ತು ಇರುವುದು ಅದರ ಸಮತೋಲದಲ್ಲಿ. ಚಿಕ್ಕ, ಹಗುರ ಇಂಜಿನನ್ನು ಮುಂದಿನ ಚಕ್ರಗಳ ಗೆರೆಗಿಂತ ಹಿಂದಕ್ಕೆ ತಳ್ಳಿ ಕೂರಿಸಿರುವುದರಿಂದ ಭಾರ ಮುಂದೆ ಹಿಂದೆ ಬಹುತೇಕ ಸಮನಾಗಿ ಹಂಚಿದೆ, ಸ್ಟೀರಿಂಗ್ ತಿರುಗಿಸಿದ ಕೂಡಲೇ ಮೂಗು ತಿರುಗುತ್ತದೆ. ಹಳೆಯ ಡ್ಯಾಂಪರ್ (ಶಾಕ್ ಅಬ್ಸಾರ್ಬರ್), ಒಣಗಿದ ರಬ್ಬರ್ ಬುಷ್‌ಗಳ ಮೇಲೆ ಓಡುತ್ತಿರುವ ಕಾರಿನಲ್ಲಿ ಆ ಗುಣದ ಅರ್ಧ ಮಾತ್ರ ಸಿಗುತ್ತದೆ. ಒಳ್ಳೆಯ ಕಂಪನಿಯ 225/45 ಆರ್18 ಬೇಸಿಗೆ ಟೈರ್‌ಗಳು, ಹೊಸ ಡ್ಯಾಂಪರ್‌ಗಳು, ಬುಷ್‌ಗಳು, ನಂತರ ಸರಿಯಾದ ಅಲೈನ್‌ಮೆಂಟ್, ಹೊಸ ಬ್ರೇಕ್ ಪ್ಯಾಡ್ ಮತ್ತು ಬ್ರೇಕ್ ಫ್ಲೂಯಿಡ್, ಇಷ್ಟನ್ನು ಮಾಡಿಸಿದ ಮೇಲೆ ಒಂದು ತಿರುವಿನ ರಸ್ತೆಗೆ ಹೋಗಿ ನೋಡಿ. ನಿಮ್ಮ ಪಶ್ಚಿಮಕ್ಕೆ ಬ್ಲೂ ರಿಡ್ಜ್ ಬೆಟ್ಟಗಳೇ ಇವೆ. ನೀವು ಕೊಂಡ ಕಾರು ಯಾವುದು ಎಂಬುದು ಅಲ್ಲಿ ಗೊತ್ತಾಗುತ್ತದೆ.

ಇನ್‌ಟೇಕ್ ಮತ್ತು ಎಕ್ಸಾಸ್ಟ್‌ನಿಂದ ಸಿಗುವುದು ಹೆಚ್ಚಾಗಿ ಸದ್ದು. ಕಂಪನಿ ಕೊಟ್ಟ ಇನ್‌ಟೇಕ್ ವೇಗಕ್ಕೆ ತಕ್ಕಂತೆ ತನ್ನ ದಾರಿಗಳನ್ನು ತೆರೆದು ಮುಚ್ಚುವ ಜಾಣ ವ್ಯವಸ್ಥೆ, ಹೊರಗಿನ ಫಿಲ್ಟರ್ ಕೊಳವೆ ಅದಕ್ಕಿಂತ ಉತ್ತಮವಾಗಿರುವುದು ಕಷ್ಟ. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದು ಬರಿಯ ಪೈಪ್ ಹಾಕಿ ಎಂಬ ಸಲಹೆ ನಿಮಗೆ ಖಂಡಿತ ಬರುತ್ತದೆ. ರಸ್ತೆಯಲ್ಲಿ ಓಡಿಸುವ ಕಾರಿನಲ್ಲಿ ಅದು ಅಮೆರಿಕದ ಕೇಂದ್ರ ಕಾನೂನಿಗೆ ವಿರುದ್ಧ. ಹಳೆಯದು ಕಟ್ಟಿಕೊಂಡಿದ್ದರೆ ಹೊಸ ಕನ್ವರ್ಟರ್ ಹಾಕಿಸಿ. ಟರ್ಬೊ ಬಗ್ಗೆ ನನ್ನ ಮಾತು ಕಠಿಣವಾಗಿ ಕೇಳಿಸಬಹುದು. ಹಳೆಯ ಆರ್‌ಎಕ್ಸ್-7ರಲ್ಲಿ ಹೊಗೆಯ ದಾರಿ ಹೌಸಿಂಗ್‌ನ ಹೊರಸುತ್ತಿನಲ್ಲಿತ್ತು, ಆರ್‌ಎಕ್ಸ್-8ರಲ್ಲಿ ಅದು ಪಕ್ಕದ ಗೋಡೆಗಳಲ್ಲಿದೆ. ಇದರಿಂದ ಹೊಗೆ ಶುದ್ಧವಾಯಿತು, ಆದರೆ ಬಿಸಿ ಹೆಚ್ಚಾದರೆ ಸೈಡ್ ಸೀಲ್‌ಗಳ ಮೇಲೆ ಬೀಳುವ ಹೊರೆಯೂ ಹೆಚ್ಚಾಯಿತು. 10:1 ಕಂಪ್ರೆಷನ್ ಅನುಪಾತದ, ಇತಿಹಾಸ ಗೊತ್ತಿಲ್ಲದ ಇಪ್ಪತ್ತು ವರ್ಷದ ಇಂಜಿನ್‌ಗೆ ಎರಡು ಸಾವಿರ ಡಾಲರಿನಲ್ಲಿ ಟರ್ಬೊ ಕೂರಿಸುವುದೆಂದರೆ ಅದನ್ನು ಗೊತ್ತಿದ್ದೂ ಕೊಂದಂತೆ.

ಪರೀಕ್ಷೆಯಲ್ಲಿ ಅಂಕಿಗಳು 680ಕ್ಕಿಂತ ಕೆಳಗೆ ಬಂದರೆ ನಾನು ಹೇಳಿದ ಕ್ರಮ ಬದಲಾಗುತ್ತದೆ. ಆಗ ಕಾಯಿಲ್‌ಗಳಿಗಾಗಲಿ ಡ್ಯಾಂಪರ್‌ಗಳಿಗಾಗಲಿ ಕೈ ಹಾಕದೆ, ಎರಡು ಸಾವಿರವನ್ನು ಹಾಗೇ ಇಟ್ಟುಕೊಂಡು, ರೋಟರಿಯನ್ನೇ ಕಸುಬಾಗಿ ಮಾಡಿಕೊಂಡಿರುವವರಿಂದ ಇಂಜಿನ್ ಮರುಜೋಡಣೆಯ ಅಂದಾಜು ಪಟ್ಟಿ ತರಿಸಿಕೊಳ್ಳಿ. ಅಂಕಿಗಳು ಗಡಿಯ ಮೇಲೆಯೇ ತೂಗುತ್ತಿದ್ದರೆ ಹೊಸ ಸ್ಟಾರ್ಟರ್, ಹೊಸ ಕಾಯಿಲ್, ಶುದ್ಧ ಆಯಿಲ್, ಬಿಸಿಯ ಮೇಲೆ ನಿಗಾ ಇಟ್ಟುಕೊಂಡು ಇನ್ನೂ ಬಹಳ ಕಾಲ ಓಡಿಸಬಹುದು. ಚೀಟಿ ಕೈಗೆ ಬಂದ ಮೇಲೆ ಆರು ಅಂಕಿಗಳನ್ನೂ ಇಂಜಿನ್ ತಿರುಗಿದ ವೇಗವನ್ನೂ ಇಲ್ಲಿ ಬರೆಯಿರಿ. ಯಾವ ರೋಟರ್‌ನ ಅಂಕಿ ಯಾವುದು ಎಂಬುದನ್ನು ಮರೆಯದೆ ಸೇರಿಸಿ.