ತರಬೇತಿ ಯಾರಿಗೆ, ಯಾವ ಕೆಲಸಕ್ಕೆ?

ಮಾನ್ಯರೆ,

ತಮ್ಮ ಕಾಗದ ತಲುಪಿತು. ತಾವು ಕಾರ್ಯದರ್ಶಿಯಾಗಿರುವ ಪತ್ತಿನ ಸಹಕಾರ ಸಂಘಕ್ಕೆ ದೃಷ್ಟಿಹೀನ ಯುವತಿಯೊಬ್ಬರು ಗುಮಾಸ್ತೆಯಾಗಿ ಸೇರಿದ ಮೇಲೆ, ಬಾಗಿಲಿಗೆ ರ‍್ಯಾಂಪ್ ಕಟ್ಟಿಸಿ, ಸಿಬ್ಬಂದಿಗೆಲ್ಲ ಒಂದು ದಿನದ ಅರಿವಿನ ಶಿಬಿರವನ್ನೂ ನಡೆಸಿದ್ದೀರಿ. ಆದರೂ ಅವರಿಗೆ ಕೆಲಸ ಹಂಚಲು ಯಾರೂ ಮುಂದಾಗುತ್ತಿಲ್ಲ, ಇನ್ನೆಂಥ ತರಬೇತಿ ಕೊಡಿಸಬೇಕು ಎಂದು ಕೇಳಿದ್ದೀರಿ.

ಶಿಬಿರದಲ್ಲಿ ಎಲ್ಲರ ಕಣ್ಣಿಗೂ ಬಟ್ಟೆ ಕಟ್ಟಿ ನಡೆದಾಡಿಸಿದರೆಂದು ಬರೆದಿದ್ದೀರಿ. ಅದರಿಂದ ‘ಅಯ್ಯೋ ಪಾಪ’ ಎಂಬ ಭಾವ ಹುಟ್ಟೀತೇ ಹೊರತು, ಮರುದಿನ ತನ್ನ ಮೇಜಿನಲ್ಲಿ ತಾನೇನು ಬದಲಿಸಿಕೊಳ್ಳಬೇಕೆಂಬುದು ಯಾರಿಗೂ ತಿಳಿಯುವುದಿಲ್ಲ. ತರಬೇತಿ ಆರಂಭವಾಗಬೇಕಾದದ್ದು ಅಲ್ಲಿಂದ.

ತಮ್ಮ ಬೆರಳಚ್ಚುಗಾರರನ್ನೇ ತೆಗೆದುಕೊಳ್ಳಿ. ಸಭೆಯ ನಡಾವಳಿಯನ್ನು ಅವರು ಯೂನಿಕೋಡ್ (ಎಲ್ಲ ಗಣಕಗಳೂ ಒಂದೇ ಬಗೆಯಲ್ಲಿ ಗುರುತಿಸುವ ಅಕ್ಷರಸಂಕೇತ) ಅಲ್ಲದ, ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪಿಸಿದರೆ, ತೆರೆಯ ಮೇಲೆ ಅಂದವಾದ ಕನ್ನಡ ಕಂಡರೂ ಕಡತದೊಳಗೆ ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಎನ್‌ವಿಡಿಎಯಂಥ ತೆರೆ ಓದುವ ತಂತ್ರಾಂಶ ಆ ಗುಮಾಸ್ತೆಯ ಕಿವಿಗೆ ಒದರುವುದೂ ಅದನ್ನೇ. ಯೂನಿಕೋಡ್‌ನಲ್ಲಿದ್ದರೆ ಕನ್ನಡವನ್ನು ಕನ್ನಡವಾಗಿಯೇ ಓದುತ್ತದೆ. ಮೊಹರು ಒತ್ತಿ, ಸಹಿ ಹಾಕಿ, ಸ್ಕ್ಯಾನ್ ಮಾಡಿದ ಸುತ್ತೋಲೆಯಂತೂ ಆ ತಂತ್ರಾಂಶದ ಪಾಲಿಗೆ ಬರೀ ಚಿತ್ರ. ಅದರೊಡನೆ ಟೈಪಿಸಿದ ಮೂಲ ಕಡತವನ್ನೂ ಕಳುಹಿಸುವ ರೂಢಿ ಬೆಳೆದರೆ ಅರ್ಧ ತೊಡಕು ನೀಗುತ್ತದೆ. ಲೆಕ್ಕಪತ್ರದ ತಂತ್ರಾಂಶ ಕೊಳ್ಳುವವರು, ಮೌಸ್ ಮುಟ್ಟದೆ ಕೀಲಿಮಣೆಯೊಂದರಿಂದಲೇ ಅದನ್ನು ನಡೆಸಬಹುದೇ ಎಂಬುದನ್ನು ಹಣ ಕೊಡುವ ಮೊದಲೇ ಮಾಡಿಸಿ ನೋಡುವುದನ್ನು ಕಲಿಯಬೇಕು.

ರ‍್ಯಾಂಪ್ ಆ ಗುಮಾಸ್ತೆಗಿಂತ ಹೆಚ್ಚಾಗಿ ತಮ್ಮ ಸದಸ್ಯರಲ್ಲಿ ಗಾಲಿಕುರ್ಚಿ ಬಳಸುವವರಿಗೆ, ಮೆಟ್ಟಿಲು ಹತ್ತಲಾಗದವರಿಗೆ ಬೇಕಾದದ್ದು. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದವೆಂಬ ಇಳಿಜಾರಿನ ಲೆಕ್ಕದಲ್ಲಿ ಒಂದೂವರೆ ಅಡಿ ಎತ್ತರದ ಜಗಲಿಗೆ 18 ಅಡಿ ಉದ್ದ ಬೇಕಾಗುತ್ತದೆ. ತಮ್ಮದು ಎಷ್ಟಿದೆಯೋ ಅಳೆಸಿ ನೋಡಿ. ಕಟ್ಟಿದ ವಾರದಲ್ಲೇ ಅದು ಬೈಕ್ ನಿಲ್ಲಿಸುವ ತಾಣವಾಗುವುದು ನಮ್ಮೂರುಗಳ ಪದ್ಧತಿಯಾದ್ದರಿಂದ, ಕಾವಲುಗಾರರಿಗೂ ಹತ್ತು ನಿಮಿಷದ ತಿಳಿವಳಿಕೆ ಬೇಕು.

ಇದೆಲ್ಲ ಔದಾರ್ಯದ ಮಾತಲ್ಲ. 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಅವರ ಅಗತ್ಯಕ್ಕೆ ತಕ್ಕ ಯುಕ್ತ ಮಾರ್ಪಾಡನ್ನು ನಿರಾಕರಿಸುವುದನ್ನೂ ತಾರತಮ್ಯವೆಂದೇ ಎಣಿಸುತ್ತದೆ. ಸಂಸ್ಥೆಗಳು ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕೆಂದೂ ಹೇಳುತ್ತದೆ. ಆ ನೀತಿಯಲ್ಲಿ, ಸೌಲಭ್ಯ ಬೇಕಾದವರು ಯಾರನ್ನು ಕೇಳಬೇಕು, ಎಷ್ಟು ದಿನದೊಳಗೆ ಉತ್ತರ ಸಿಗುತ್ತದೆ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ.

ಎರಡು ಪುಟದ ತಮ್ಮ ಕಾಗದದಲ್ಲಿ ಆಕೆ ಏನು ಹೇಳುತ್ತಾರೆಂಬುದು ಮಾತ್ರ ಎಲ್ಲೂ ಇಲ್ಲ. ಯಾವ ಕೆಲಸವನ್ನು ಇಂದೇ ಮಾಡಬಲ್ಲರು, ಯಾವುದಕ್ಕೆ ಏನು ಅಡ್ಡಿಯಾಗಿದೆ ಎಂದು ಅವರನ್ನೇ ಕೇಳಿ, ಆಮೇಲೆ ತರಬೇತಿಯ ವಿಷಯಗಳನ್ನು ಗೊತ್ತುಮಾಡಿ. ಆದರೆ ಉಳಿದವರಿಗೆ ಕಲಿಸುವ ಹೊರೆಯನ್ನು ಸಂಬಳವಿಲ್ಲದ ಹೆಚ್ಚುವರಿ ಕೆಲಸವಾಗಿ ಅವರ ಹೆಗಲಿಗೇ ಹೊರಿಸಬೇಡಿ.

– ಸಂಪಾದಕ