22.4 ಅನ್ನು ದ್ರಾವಣಕ್ಕೆ ಹಚ್ಚಬೇಡಿ

ಈ ಗುಂಪಿನಲ್ಲಿ ನೀವು ಫೋಟೋ ತೆಗೆದು ಹಾಕಿರುವ ಮಾರ್ಬಲ್ ಚೂರಿನ ಲೆಕ್ಕ ನೋಡಿದೆ. 5 ಗ್ರಾಂ ಕ್ಯಾಲ್ಸಿಯಂ ಕಾರ್ಬೋನೇಟ್, ಅದಕ್ಕೆ 0.4 ಎಂ ಎಚ್‌ಸಿಎಲ್ (ಹೈಡ್ರೋಕ್ಲೋರಿಕ್ ಆಮ್ಲ) 200 ಎಂಎಲ್. ಎಂ ಅಂದರೆ ಮೊಲಾರಿಟಿ, ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ಇದೆ ಅನ್ನುವುದು; ಮೋಲ್ ಅಂದರೆ ಕಣಗಳನ್ನು ಎಣಿಸುವ ಅಳತೆ. 27 ಡಿಗ್ರಿ, 1 ಅಟ್ಮಾಸ್ಫಿಯರ್ ಒತ್ತಡದಲ್ಲಿ ಎಷ್ಟು ಕಾರ್ಬನ್ ಡೈಆಕ್ಸೈಡ್ ಬರುತ್ತದೆ ಅನ್ನುವುದು ಪ್ರಶ್ನೆ. ನೀವು 200 ಅನ್ನು 22,400ರಿಂದ (0 ಡಿಗ್ರಿ, 1 ಅಟ್ಮಾಸ್ಫಿಯರ್‌ನಲ್ಲಿ 1 ಮೋಲ್ ಅನಿಲದ ಗಾತ್ರ, ಎಂಎಲ್ ಲೆಕ್ಕದಲ್ಲಿ) ಭಾಗಿಸಿ, ಅರ್ಧ ಮಾಡಿ, ಮತ್ತೆ 22,400ರಿಂದ ಗುಣಿಸಿ 100 ಎಂಎಲ್ ತಂದಿದ್ದೀರಿ. ಕೆಳಗೆ ಇನ್ನೊಬ್ಬರು '2 ಎಚ್‌ಸಿಎಲ್‌ಗೆ 1 ಸಿಒ2, ಹಾಗಾಗಿ 200ಕ್ಕೆ 100, ತಾಳೆಯಾಯಿತು' ಎಂದಿದ್ದಾರೆ. ತಾಳೆಯಾಗಿಲ್ಲ. ಇಬ್ಬರದ್ದೂ ಒಂದೇ ತಪ್ಪು. ಭಾಗಿಸಿದ 22,400 ಗುಣಿಸುವಾಗ ಹೊಡೆದುಹೋಯಿತು, ಅಷ್ಟೇ. ಸರಿಯಾದ ಉತ್ತರ 985 ಎಂಎಲ್. ಹತ್ತಿರ ಹತ್ತು ಪಟ್ಟು!

ಇಷ್ಟು ಉದ್ದ ಬರೆಯಲು ಕಾರಣವಿದೆ. ಪಿಯುಸಿಯಲ್ಲಿ ನಾನೂ ಇದನ್ನೇ ಮಾಡಿದ್ದೆ. 2.4 ಗ್ರಾಂ ಮೆಗ್ನೀಸಿಯಂ, 0.5 ಎಂ ಎಚ್‌ಸಿಎಲ್ 250 ಎಂಎಲ್, ಹೈಡ್ರೋಜನ್ ಎಷ್ಟು ಅಂತ ಕೇಳಿದ್ದರು. 250 ಕಂಡ ತಕ್ಷಣ ಕೈ ತಾನಾಗಿ 22,400ರ ಕಡೆ ಹೋಯಿತು. 125 ಎಂಎಲ್ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದೆ. ಪೇಪರ್ ವಾಪಸ್ ಬಂದಾಗ ಉತ್ತರದ ಮೇಲೆ ಅಡ್ಡಗೆರೆ ಇರಲಿಲ್ಲ. ಪ್ರಶ್ನೆಯಲ್ಲಿದ್ದ 0.5ರ ಸುತ್ತ ಕೆಂಪು ಇಂಕಿನ ಒಂದು ಸುತ್ತು, ಪಕ್ಕದಲ್ಲಿ 'ಇದನ್ನು ಯಾಕೆ ಕೊಟ್ಟಿದ್ದಾರೆ?' ಅಂತ. ಆ ಸುತ್ತು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ನಿಮ್ಮ ಲೆಕ್ಕದಲ್ಲಿ 0.4 ಎಲ್ಲಿ ಬಂತು ನೋಡಿಕೊಳ್ಳಿ. ಎಲ್ಲೂ ಬಂದಿಲ್ಲ. ಮೊಲಾರಿಟಿ ಕೊಟ್ಟಿದ್ದಾರೆ, ನೀವು ಮುಟ್ಟಿಲ್ಲ ಅಂದರೆ ಅಲ್ಲೇ ನಿಲ್ಲಿಸಿ.

22.4 ಲೀಟರ್ ಅನ್ನುವುದು ಅನಿಲಕ್ಕೆ ಮಾತ್ರ. ಆ 200 ಎಂಎಲ್‌ನಲ್ಲಿ ಹೆಚ್ಚುಕಮ್ಮಿ ಎಲ್ಲಾ ನೀರೇ ಇದೆ. ಅದಕ್ಕೂ ಮೋಲಾರ್ ಗಾತ್ರಕ್ಕೂ ಏನೂ ಸಂಬಂಧವಿಲ್ಲ.

ನಾನು ಆಮೇಲೆ ಹಿಡಿದಿದ್ದು ಮೂರು ಸಾಲಿನ ದಾರಿ. ಸಮೀಕರಣ ಬ್ಯಾಲೆನ್ಸ್ ಮಾಡಿ, ಪ್ರತಿ ವಸ್ತುವಿನ ಕೆಳಗೆ ಮೂರು ಸಾಲು ಬಿಡಿ. ಮೊದಲ ಸಾಲಿನಲ್ಲಿ ಕೊಟ್ಟದ್ದನ್ನು ಯೂನಿಟ್ ಸಮೇತ ಬರೆದು, ಪಕ್ಕದಲ್ಲಿ ಘನ, ದ್ರಾವಣ, ಅನಿಲ ಯಾವುದು ಅಂತ ಗುರುತು ಹಾಕಿ. ಈ ಗುರುತು ಬಿಡಲೇಬೇಡಿ, ನನ್ನನ್ನು ಉಳಿಸಿದ್ದು ಅದೇ. ಎರಡನೇ ಸಾಲು ಮೋಲ್. ಘನವಾದರೆ ತೂಕ ಭಾಗಿಸು ಮೋಲಾರ್ ತೂಕ (1 ಮೋಲಿನ ತೂಕ). ದ್ರಾವಣವಾದರೆ ಮೊಲಾರಿಟಿ ಗುಣಿಸು ಲೀಟರ್. ಅನಿಲವಾದರೆ ಪಿವಿ ಭಾಗಿಸು ಆರ್‌ಟಿ (ಪಿ ಒತ್ತಡ, ವಿ ಗಾತ್ರ, ಆರ್ ಅನಿಲ ಸ್ಥಿರಾಂಕ, ಟಿ ಕೆಲ್ವಿನ್‌ನಲ್ಲಿ ತಾಪ, 27 ಡಿಗ್ರಿ ಅಂದರೆ 300). ಮೂರನೇ ಸಾಲಿನಲ್ಲಿ ಆ ಮೋಲನ್ನು ಸಮೀಕರಣದಲ್ಲಿ ಆ ವಸ್ತುವಿಗೆ ಇರುವ ಅಂಕಿಯಿಂದ ಭಾಗಿಸಿ.

ನಿಮ್ಮ ಲೆಕ್ಕದಲ್ಲಿ ಕಾರ್ಬೋನೇಟ್ 5/100, ಅಂದರೆ 0.05. ಎಚ್‌ಸಿಎಲ್ 0.4 × 0.2 = 0.08, ಎರಡರಿಂದ ಭಾಗಿಸಿದರೆ 0.04. ಸಣ್ಣದು ಯಾವುದೋ ಅದೇ ಲಿಮಿಟಿಂಗ್, ಅಂದರೆ ಮೊದಲು ಮುಗಿಯುವುದು, ಇಲ್ಲಿ ಆಮ್ಲ. ಹಾಗಾಗಿ ಸಿಒ2 0.04 ಮೋಲ್. 0.04 × 0.0821 × 300 = 0.985 ಲೀಟರ್. ಗುಳ್ಳೆ ನಿಂತ ಮೇಲೂ ಫ್ಲಾಸ್ಕಿನ ತಳದಲ್ಲಿ 1 ಗ್ರಾಂ ಚೂರು ಹಾಗೇ ಕೂತಿರುತ್ತದೆ. ಉತ್ತರ ಬಂದ ಮೇಲೆ ಈ ಉಳಿಕೆಯನ್ನೂ ಒಮ್ಮೆ ಲೆಕ್ಕ ಹಾಕಿ ನೋಡಿ. ಅದು ನೆಗೆಟಿವ್ ಬಂದರೆ ಲಿಮಿಟಿಂಗ್ ತಪ್ಪು ಹಿಡಿದಿದ್ದೀರಿ.

ಎಸ್‌ಟಿಪಿ (ಪ್ರಮಾಣಿತ ತಾಪ, ಒತ್ತಡ) ಅಂತ ಕೇಳಿದ್ದರೆ ಇನ್ನೊಂದು ತೊಡಕು. 0 ಡಿಗ್ರಿ, 1 ಅಟ್ಮಾಸ್ಫಿಯರ್ ಆದರೆ 22.4. 1982ರ ನಂತರದ ವ್ಯಾಖ್ಯೆಯಲ್ಲಿ ಒತ್ತಡ 1 ಬಾರ್, ಆಗ 22.7. ಈಗಿನ ಎನ್‌ಸಿಇಆರ್‌ಟಿ ಪುಸ್ತಕ ಬಾರ್ ಹಿಡಿಯುತ್ತದೆ, ಹಳೇ ಗೈಡುಗಳು 22.4 ಬಿಡುವುದಿಲ್ಲ. ಪ್ರಶ್ನೆಯಲ್ಲಿ ಒತ್ತಡ ಕೊಟ್ಟಿದ್ದರೆ ಅದನ್ನೇ ನಂಬಿ. ಆರ್ ಕೂಡ ಹಾಗೇ. ಅಟ್ಮಾಸ್ಫಿಯರ್‌ಗೆ 0.0821, ಬಾರ್‌ಗೆ 0.0831. 8.314 ಅನ್ನುವುದು ಜೂಲ್ ಲೆಕ್ಕದ ಆರ್, ಅದನ್ನು ಹಾಕಿ ಲೀಟರ್, ಅಟ್ಮಾಸ್ಫಿಯರ್ ಬೆರೆಸಬೇಡಿ.

2:1 ಅಂತ ಗಾತ್ರದಲ್ಲೇ ಲೆಕ್ಕ ಹಾಕುವುದು ತಪ್ಪಲ್ಲ. ಆದರೆ ಎರಡೂ ಅನಿಲವಾಗಿರಬೇಕು, ಒಂದೇ ತಾಪ, ಒಂದೇ ಒತ್ತಡದಲ್ಲಿರಬೇಕು. 10 ಎಂಎಲ್ ಮೀಥೇನ್ ಉರಿಯಲು 20 ಎಂಎಲ್ ಆಕ್ಸಿಜನ್ ಬೇಕು, ಇದು ಸರಿ. ಉರಿದ ಮೇಲೆ ತಣ್ಣಗಾದರೆ ನೀರು ದ್ರವವಾಗುತ್ತದೆ, ಅದನ್ನು ಅನಿಲದ ಗಾತ್ರಕ್ಕೆ ಸೇರಿಸಬಾರದು.

ಎಂ1ವಿ1 = ಎಂ2ವಿ2 (ಮೊಲಾರಿಟಿ ಗುಣಿಸು ಗಾತ್ರ, ಮೊದಲೂ ಆಮೇಲೂ ಒಂದೇ) ಬಗ್ಗೆಯೂ ಹೇಳಿಬಿಡುತ್ತೇನೆ, ಈ ಗುಂಪಿನಲ್ಲಿ ಅದನ್ನು ಎಲ್ಲದಕ್ಕೂ ಹಚ್ಚುತ್ತಾರೆ. ಅದು ನೀರು ಬೆರೆಸಿ ತೆಳು ಮಾಡುವಾಗಿನ ಸೂತ್ರ. ಬಾಟಲಿಯ 37 ಶೇಕಡಾ ಎಚ್‌ಸಿಎಲ್ ಸುಮಾರು 12 ಎಂ ಇರುತ್ತದೆ. ಅದರಿಂದ 1 ಲೀಟರ್ 0.4 ಎಂ ಬೇಕಾದರೆ 33 ಎಂಎಲ್ ಸಾಕು. ನೀರಿಗೆ ಆಮ್ಲ ಹಾಕಿ, ಆಮ್ಲಕ್ಕೆ ನೀರಲ್ಲ. ಟೈಟ್ರೇಶನ್‌ಗೆ (ಆಮ್ಲಕ್ಕೆ ಎಷ್ಟು ಕ್ಷಾರ ಬೇಕು ಅಂತ ಅಳೆಯುವುದಕ್ಕೆ) ಇದನ್ನೇ ಹಚ್ಚಿದರೆ 25 ಎಂಎಲ್ 0.1 ಎಂ ಸಲ್ಫ್ಯೂರಿಕ್ ಆಮ್ಲಕ್ಕೆ ಅಷ್ಟೇ ಎಂ ಇರುವ ಸೋಡಿಯಂ ಹೈಡ್ರಾಕ್ಸೈಡ್ 25 ಎಂಎಲ್ ಅಂತ ಬರುತ್ತದೆ. ಬೇಕಿರುವುದು 50, ಯಾಕಂದರೆ 1 ಮೋಲ್ ಸಲ್ಫ್ಯೂರಿಕ್ ಆಮ್ಲಕ್ಕೆ 2 ಮೋಲ್ ಹೈಡ್ರಾಕ್ಸೈಡ್ ಬೇಕು.

ಲ್ಯಾಬಿನಲ್ಲಿ ಮಾಡಿ ನೋಡುವವರಿಗೆ ಎರಡು ಮಾತು. ಸಿಒ2ವನ್ನು ನೀರಿನ ಮೇಲೆ ಹಿಡಿಯಬೇಡಿ, ಅದು ನೀರಲ್ಲಿ ಚೆನ್ನಾಗಿ ಕರಗುತ್ತದೆ, ಅಳತೆ ಕಮ್ಮಿ ಬರುತ್ತದೆ. ಗ್ಯಾಸ್ ಸಿರಿಂಜ್ ಒಳ್ಳೆಯದು. ಬೆಂಗಳೂರಿನವರಾದರೆ ಒತ್ತಡ 1 ಅಂತ ಸುಮ್ನೆ ಹಾಕಬೇಡಿ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿದ್ದೀರಿ, ಅಲ್ಲಿ ಸುಮಾರು 0.9 ಅಟ್ಮಾಸ್ಫಿಯರ್. ಅದೇ 0.04 ಮೋಲ್ ಅಲ್ಲಿ 1.09 ಲೀಟರ್ ಆಗುತ್ತದೆ. ಟೈಟ್ರೇಶನ್‌ಗೆ ಬ್ಯುರೆಟ್ (ದ್ರಾವಣವನ್ನು ಅಳೆದು ಹನಿ ಹನಿಯಾಗಿ ಬಿಡುವ ಕೊಳವೆ) ಕೊಳ್ಳುವುದಾದರೆ ನನ್ನ ಆಯ್ಕೆ ಬೊರೊಸಿಲ್, ಅದೂ ಟೆಫ್ಲಾನ್ ಕೀ (ತಿರುಗಿಸುವ ನಲ್ಲಿ) ಇರುವುದು. ಕ್ಷಾರ ಹಾಕಿಟ್ಟರೆ ಗಾಜಿನ ಕೀ ಕಚ್ಚಿಕೊಳ್ಳುತ್ತದೆ.

ಇನ್ನು ಆ ಫೋಟೋದಲ್ಲಿ ನೋಟ್‌ಬುಕ್ ಪಕ್ಕ ಕಾಣುವ ಕ್ಯಾಸಿಯೊ. ಒಳ್ಳೇ ಕ್ಯಾಲ್ಕುಲೇಟರೇ, ನನ್ನ ಹತ್ತಿರವೂ ಇದೆ. ಆದರೆ ನೀವು ಸಿಇಟಿಗೆ ಓದುತ್ತಿದ್ದೀರಿ ಅಲ್ವಾ? ಅಲ್ಲಿ ಬಿಡುವುದಿಲ್ಲ. ಇವತ್ತಿನಿಂದಲೇ ಡ್ರಾಯರ್‌ನಲ್ಲಿಡಿ. 0.0821 × 300 ಅನ್ನು 24.6 ಅಂತ ಬಾಯಿಪಾಠ ಮಾಡಿಕೊಳ್ಳಿ, 27 ಡಿಗ್ರಿಯ ಲೆಕ್ಕವೆಲ್ಲ ಸಲೀಸಾಗುತ್ತದೆ.

ನನ್ನ ಮೆಗ್ನೀಸಿಯಂ ಲೆಕ್ಕವನ್ನು 27 ಡಿಗ್ರಿ, 1 ಅಟ್ಮಾಸ್ಫಿಯರ್‌ಗೆ ಮಾಡಿ, ಮೂರೂ ಸಾಲು ಕಾಣುವ ಹಾಗೆ ಫೋಟೋ ಹಾಕಿ. ಸುಮಾರು 1.54 ಲೀಟರ್ ಬರಬೇಕು.